ಕ್ಯಾಂಟೀನ್ ಮಾಮನ ಮೂಗು

ಮಾಮ ಬಾಗಿಲು ದಾಟುವ ಮೊದಲೇ ಅವರ ಮೂಗು ಒಳಗೆ ಬಂದು ಕುರ್ಚಿಯ ಮೇಲೆ ಕೂತಿರುತ್ತಿತ್ತು. ಸುಳ್ಳಲ್ಲ, ಸ್ವಲ್ಪ ಜಾಸ್ತಿ ಅಷ್ಟೆ. ನಡುವೆ ಒಂದು ಉಬ್ಬು, ಆಮೇಲೆ ಇಳಿಜಾರು, ತುದಿಯಲ್ಲಿ ಬದನೆಕಾಯಿಯ ಬುಡದಂಥ ದುಂಡು. ಎಡ ಹೊಳ್ಳೆಯ ಅಂಚಿನಲ್ಲಿ ಯಾವಾಗಲೂ ಒಂದು ಚೂರು ಮೈದಾ. ಒರೆಸಿಕೊಳ್ಳಿ ಎಂದರೆ "ಇರ್ಲಿ ಬಿಡೋ, ಅದು ನನ್ನ ಪೌಡರ್ರು" ಎನ್ನುತ್ತಿದ್ದರು. ನಾನು ಮಿಮಿಕ್ರಿ ಮಾಡುವವನು. ಇಂಥ ಮೂಗು ಕಣ್ಣಿಗೆ ಬಿದ್ದ ಮೇಲೆ ಸುಮ್ಮನಿರುವುದು ನನ್ನ ಕೈಲಾಗುವ ಕೆಲಸವಲ್ಲ.

ಹಿಟ್ಟು ಹದಕ್ಕೆ ಬಂತೇ ಎಂದು ನೋಡುವಾಗ ಆ ಮೂಗು ಪಾತ್ರೆಯ ಮೇಲೆ ನಿಧಾನವಾಗಿ ಬಾಗುತ್ತಿತ್ತು. ಎರಡು ಗಿಡ್ಡ ಉಸಿರು, ಒಂದು ಉದ್ದ. ಸ್ಸು, ಸ್ಸು, ಸ್ಸೂಊಊ. ಆಮೇಲೆ ಕಣ್ಣು ಮುಚ್ಚಿ, ತಲೆಯನ್ನು ಒಂದೇ ಒಂದು ಸಲ ಆಡಿಸಿ, "ಬಂತು" ಎನ್ನುತ್ತಿದ್ದರು. ದೇವರು ಬಂತು ಎಂದು ಹೇಳುವವರೂ ಅಷ್ಟು ಗತ್ತಿನಿಂದ ಹೇಳುವುದಿಲ್ಲ. ಈ ಐಟಮ್ಮನ್ನು ನಾನು ಗಣಪತಿ ಪೆಂಡಾಲುಗಳಲ್ಲಿ, ಆರತಕ್ಷತೆಗಳಲ್ಲಿ, ಒಮ್ಮೆ ಒಂದು ತಿಥಿಯೂಟದ ಪಂಕ್ತಿಯಲ್ಲಿಯೂ ಮಾಡಿ ಬೈಸಿಕೊಂಡಿದ್ದೇನೆ. ಭದ್ರಾವತಿಯಲ್ಲಾದರೆ ಮೊದಲ ಗಿಡ್ಡ ಉಸಿರಿಗೇ ಜನ ಕೂಗುತ್ತಿದ್ದರು: "ಏ, ಕ್ಯಾಂಟೀನ್ ಮಾಮ!"

ಭದ್ರಾವತಿಯ ಕಾಗದದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮಾಮ ಮೂವತ್ತು ವರ್ಷ ಬನ್ ಬೇಯಿಸಿದವರು. ಮನೆಮಾತು ತಮಿಳು, ಬೈಗುಳ ತೆಲುಗು, ಉಳಿದದ್ದೆಲ್ಲ ಕನ್ನಡ. ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಊರಿಗೆಲ್ಲ ಅದರದೊಂದು ವಾಸನೆ ಇತ್ತು, ಕೊಳೆತ ಎಲೆಕೋಸನ್ನು ಯಾರೋ ಹಟಕ್ಕೆ ಬಿದ್ದು ಬೇಯಿಸುತ್ತಿರುವ ಹಾಗೆ. ಬಸ್ಸಿನಲ್ಲಿ ನಿದ್ದೆ ಹೋದವರು ಆ ವಾಸನೆಗೆ ಎದ್ದು, ಊರು ಬಂತೆಂದು ಚಪ್ಪಲಿ ಹುಡುಕುತ್ತಿದ್ದರು. ಅಂಥ ವಾಸನೆಯ ನಡುವೆ ನಿಂತು, ಹತ್ತು ಪಾತ್ರೆ ಹಿಟ್ಟಿನಲ್ಲಿ ಯಾವ ಒಂದು ಪಾತ್ರೆಯದು ಹುಳಿ ಮೀರಿದೆ ಎಂದು ದೂರದಿಂದಲೇ ಬೆರಳು ತೋರಿಸಬಲ್ಲ ಮೂಗು ಮಾಮನದು. ಕಾರ್ಖಾನೆಯಲ್ಲೇ ಕೆಲಸಕ್ಕಿದ್ದ ನಮ್ಮಪ್ಪ ಇದನ್ನು ಮನೆಯಲ್ಲಿ ಎಷ್ಟು ಸಲ ಹೇಳಿದ್ದರೋ. ಆಮೇಲೆ ಕಾರ್ಖಾನೆ ಮುಚ್ಚಿತು, ವಾಸನೆ ಹೋಯಿತು, ನಾವು ಶಿವಮೊಗ್ಗದ ವಿದ್ಯಾನಗರಕ್ಕೆ ಬಂದೆವು. ಮಾಮನ ಮೂಗಿನ ಹೆಸರು ಮಾತ್ರ ಅಲ್ಲೇ ಉಳಿಯಿತು.

ನಾನು ಅವರ ಬಳಿ ಹೋದದ್ದು ಭಕ್ತಿಯಿಂದಲ್ಲ, ಗತಿಗೆಟ್ಟು. ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದೆ. ಊಟದ ಬಿಡುವಿನಲ್ಲಿ ಮಾಲೀಕರು ಕೈ ಬೀಸಿ ಬೈಯುವುದನ್ನು ಮಾಡಿ ತೋರಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಇದ್ದಕ್ಕಿದ್ದಂತೆ ಯಾರೂ ನಗಲಿಲ್ಲ. ಕಲಾವಿದನಾದವನಿಗೆ ಅಷ್ಟರಲ್ಲೇ ಅರ್ಥವಾಗಬೇಕಿತ್ತು. ಆದರೆ ನಾನು ಇನ್ನೂ ಜೋರಾಗಿ ಕೈ ಬೀಸಿದೆ. ಕೈ ಹೋಗಿ ಹಿಂದೆ ನಿಂತಿದ್ದ ಮಾಲೀಕರ ಕನ್ನಡಕಕ್ಕೆ ತಗುಲಿತು.

ಕೆಲಸ ಹೋದ ಮೇಲೆ ದುರ್ಗಿಗುಡಿಯಲ್ಲಿ ಬರ್ಗರ್, ಹಾಟ್ ಡಾಗ್ ಗಾಡಿ ಹಾಕಿದೆ. "ನಾಯಿ ಹೆಸರಿನ ತಿಂಡಿ ಮಾರೋಕೆ ನಿಂಗೆ ಡಿಪ್ಲೊಮಾ ಓದಿಸಿದ್ನಾ?" ಎಂದು ಅಮ್ಮ ಕೇಳಿದರು. ತಿಂಡಿಯ ಹೆಸರಿಗಿಂತ ದೊಡ್ಡ ತೊಂದರೆ ಬನ್ನಿನದು. ಬೇಕರಿಯಿಂದ ತಂದದ್ದು ಚಹಾಕ್ಕೆ ಅದ್ದಿ ತಿನ್ನುವ ಸಿಹಿ ಬನ್ನು. ನಡುವೆ ಟಿಕ್ಕಿ ಇಟ್ಟು ಸಾಸು ಹಾಕಿದರೆ ಎರಡನೇ ಸಲ ಕಚ್ಚುವಷ್ಟರಲ್ಲಿ ಅದು ಕೈಬಿಡುತ್ತಿತ್ತು. ಮೊದಲ ವಾರವೇ ಒಬ್ಬ ಕಾಲೇಜು ಹುಡುಗಿಯ ಬಿಳಿ ದುಪಟ್ಟಾದ ಮೇಲೆ ಒಂದು ಇಡೀ ಬರ್ಗರ್ ಕುಸಿಯಿತು. ಅವಳು ನನ್ನನ್ನೂ ದುಪಟ್ಟಾವನ್ನೂ ನೋಡಿ, "ಅಣ್ಣಾ, ಮಿಮಿಕ್ರಿನೇ ಮಾಡ್ಕೊಂಡಿರಿ" ಎಂದಳು. ಅಮ್ಮ ಆ ದಿನವೇ ಹೇಳಿದರು: "ಭದ್ರಾವತಿಗೆ ಹೋಗು. ಕ್ಯಾಂಟೀನ್ ಮಾಮನ ಕಾಲು ಹಿಡ್ಕೋ."

ಮಾಮ ಆಗ ಹಳೆಯ ಕ್ವಾರ್ಟರ್ಸ್ ಹಿಂದಿನ ಸಾಲುಮನೆಯೊಂದರಲ್ಲಿ ಅತ್ತೆಯೊಂದಿಗೆ ಇದ್ದರು. ಉಕ್ಕಿನ ಕಾರ್ಖಾನೆಯ ಗೆಳೆಯರೊಬ್ಬರು ದಪ್ಪ ತಗಡು ಬಗ್ಗಿಸಿ ಮಾಡಿಕೊಟ್ಟ ಓವನ್ನು, ಅದರ ಕೆಳಗೆ ಗ್ಯಾಸಿನ ಒಲೆ. ಭಾನುವಾರಕ್ಕೆಂದು ಬೀದಿಯವರು ಹೇಳಿದಷ್ಟು ಬನ್ನು ಮಾಡುತ್ತಿದ್ದರು. ನಾನು ಬಂದ ಕಾರಣ ಕೇಳಿ, "ಮೊದ್ಲು ನನ್ನ ಹಾಗೆ ಮೂಸಿ ತೋರ್ಸು, ಆಮೇಲೆ ಹೇಳ್ಕೊಡ್ತೀನಿ" ಎಂದರು. ಎದುರಿಗೇ ಮಾಡಿದೆ. ಹೊಟ್ಟೆ ಹಿಡಿದುಕೊಂಡು ನಕ್ಕು ಅತ್ತೆಯನ್ನು ಕರೆದರು. "ನೋಡೇ, ನನ್ನ ಮೂಗು ನಂದಕ್ಕಿಂತ ಇವನ ಮುಖದಲ್ಲೇ ಚೆನ್ನಾಗಿದೆ."

ಕಲಿಸುವುದರಲ್ಲಿ ನಗು ಇರಲಿಲ್ಲ. ಉಗುರುಬೆಚ್ಚಗಿನ ನೀರು ಎಂದರೆ ಬೆರಳು ಅದ್ದಿ ನೋಡುವಂತಿಲ್ಲ, ಮಣಿಕಟ್ಟಿನ ಒಳಗಡೆ ಒಂದು ಹನಿ ಬಿಟ್ಟುಕೊಳ್ಳಬೇಕು. ನೀರು ಅಲ್ಲಿ ಇದೆಯೆಂದೇ ಗೊತ್ತಾಗಬಾರದು. ಅದಕ್ಕೆ ಚಿಟಿಕೆ ಸಕ್ಕರೆ, ಯೀಸ್ಟು. ನೊರೆ ಎದ್ದರೆ ಜೀವ ಇದೆ, ಏಳದಿದ್ದರೆ ಚೆಲ್ಲಿ ಮತ್ತೆ ಮೊದಲಿನಿಂದ. "ಸತ್ತ ಯೀಸ್ಟ್ ಹಾಕಿ ದೇವರನ್ನ ಬೇಡ್ಕೋಬೇಡ." ಹಿಟ್ಟನ್ನು ನಾದಿ ನಾದಿ ಅದು ಕಿವಿಯ ಹಾಲೆಯಷ್ಟು ಮೆತ್ತಗಾಗಬೇಕು. ಒಂದು ಕೈ ಹಿಟ್ಟಿನಲ್ಲಿ, ಇನ್ನೊಂದು ಕೈ ಕಿವಿಯಲ್ಲಿ ಇಟ್ಟುಕೊಂಡು ನಿಂತ ನನ್ನನ್ನು ನೋಡಿ ಅತ್ತೆ, "ಯಾಕಪ್ಪಾ, ಬಸ್ಕಿ ಹೊಡಿಸ್ತಿದ್ದಾರಾ?" ಎಂದಿದ್ದರು. ಬರ್ಗರಿಗೆ ದುಂಡು ಉಂಡೆ. ಹಾಟ್ ಡಾಗಿಗೆ ಕೋಡುಬಳೆಗೆ ಹೊಸೆದಂತೆ ಹೊಸೆದು, ಸುತ್ತದೆ ಹಾಗೇ ಬಿಡಬೇಕು. ಮೇಲೆ ಹಾಲು ಸವರಬೇಕು. ಬೆಂದದ್ದನ್ನು ತಲೆಕೆಳಗು ಮಾಡಿ, ತೆಂಗಿನಕಾಯಿ ತಟ್ಟಿ ನೋಡಿದ ಹಾಗೆ ಬೆನ್ನು ತಟ್ಟಬೇಕು.

ಒಂದು ವಿಚಿತ್ರ ಪದ್ಧತಿಯಿತ್ತು. ಒದ್ದೆ ಬಟ್ಟೆ ಮುಚ್ಚಿ ಇಟ್ಟ ಹಿಟ್ಟು ಉಬ್ಬಿದ ಮೇಲೆ ಮಾಮ ಮೂಗು ಇಡುವ ಮೊದಲು ನಾನು ಇಡಬೇಕು.

"ಏನ್ ವಾಸನೆ?"

"ಚೆನ್ನಾಗಿದೆ ಮಾಮ."

"ಚೆನ್ನಾಗಿದೆ ಅನ್ನೋದು ವಾಸನೆ ಅಲ್ಲ ಕಣೋ, ಸರ್ಟಿಫಿಕೇಟು. ಯಾವುದರ ಹಾಗಿದೆ?"

"ಅಂದ್ರೆ... ಹಣ್ಣಿನ ಹಾಗೆ."

"ಯಾವ ಹಣ್ಣು? ಬಿಡಿಸಿದ್ದಾ, ಬಿಡಿಸದೆ ಇದ್ದಿದ್ದಾ?"

ಊರಿನವರ ದನಿಯನ್ನೆಲ್ಲ ಗಂಟಲಲ್ಲಿ ಇಟ್ಟುಕೊಂಡು ಮೆರೆಯುತ್ತಿದ್ದವನು ಒಂದು ಪಾತ್ರೆ ಹಿಟ್ಟಿನೆದುರು ಮೂಗನಾಗಿ ನಿಂತೆ. ತಿಂಗಳಾಗುವಷ್ಟರಲ್ಲಿ ನಾಲಗೆ ಸ್ವಲ್ಪ ಸಡಿಲಾಯಿತು. "ಪಚ್ಚಬಾಳೆ ಮಾಮ, ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಿದ್ದಿದ್ದು" ಎಂದರೆ, ಸ್ಸು, ಸ್ಸು, ಸ್ಸೂಊಊ, "ಇನ್ನೂ ಹತ್ತು ನಿಮಿಷ." "ದೋಸೆ ಹಿಟ್ಟಿನ ಮೊದಲ ದಿನ, ಮೇಲೆ ಒಂಚೂರು ಹೊಸ ಬಟ್ಟೆ" ಎಂದರೆ, "ಬಂತು." ನನ್ನ ಅಭ್ಯಾಸಕ್ಕಾಗಿ ಹೀಗೆ ಮಾಡಿಸುತ್ತಾರೆ ಎಂದುಕೊಂಡಿದ್ದೆ. ನಡುನಡುವೆ ಅವರು ತಲೆಯೆತ್ತಿ, "ಇವತ್ತು ಫ್ಯಾಕ್ಟರಿ ವಾಸನೆ ಬರ್ತಿದೆಯಲ್ಲಾ" ಎನ್ನುತ್ತಿದ್ದರು. ಮುಚ್ಚಿ ಇಷ್ಟು ವರ್ಷವಾದ ಕಾರ್ಖಾನೆ! ನಾನು ಅದನ್ನೂ ಬಿಡಲಿಲ್ಲ. ಐಟಮ್ಮಿನ ಕೊನೆಗೆ ಸೇರಿಸಿದೆ. ಆಕಾಶ ನೋಡಿ "ಫ್ಯಾಕ್ಟರಿ ವಾಸನೆ" ಎಂದರೆ ಸಾಕು, ಭದ್ರಾವತಿಯವರು ಬಿದ್ದು ಬಿದ್ದು ನಗುತ್ತಿದ್ದರು. ಮಾಮ ಮುಂದಿನ ಸಾಲಿನಲ್ಲಿ ಕೂತು ಅವರಿಗಿಂತ ಜೋರಾಗಿ ನಗುತ್ತಿದ್ದರು.

ಆಮೇಲೆ ಆ ಮಂಗಳವಾರ ಬಂತು.

ಬೆಳಿಗ್ಗೆ ಹತ್ತು ಗಂಟೆಯ ಹೊತ್ತು. ಬಸ್ಸಿಳಿದು ಅವರ ಸಾಲಿಗೆ ತಿರುಗಿ, ಗೇಟಿನ ಚಿಲಕಕ್ಕೆ ಕೈ ಹಾಕಿದೆ. ಗ್ಯಾಸು. ಗೇಟಿನವರೆಗೆ ಬಂದಿತ್ತು. ಎಲ್ಲಿಂದಲೋ ಸ್ವಲ್ಪ ಬರುತ್ತಿದೆ ಎನ್ನುವಂಥದ್ದಲ್ಲ; ಮುಖಕ್ಕೆ ಒದ್ದೆ ಕಂಬಳಿ ಒತ್ತಿದ ಹಾಗೆ. ಬಾಗಿಲು ತೆರೆದೇ ಇತ್ತು. ಓಡಿದೆ. ಅಡುಗೆಮನೆಯಲ್ಲಿ ಮಾಮ ಓವನ್ನಿನ ಕೆಳಗೆ ಬಾಗಿ ಒಲೆಯನ್ನೇ ನೋಡುತ್ತಿದ್ದರು. ಆ ದೊಡ್ಡ ಮೂಗು ಬರ್ನರಿನಿಂದ ಒಂದು ಗೇಣು ದೂರದಲ್ಲಿತ್ತು. ಬಲಗೈಯಲ್ಲಿ ಲೈಟರು, ಅದರ ಗುಂಡಿಯ ಮೇಲೆ ಹೆಬ್ಬೆರಳು.

ನನ್ನ ಬಳಿ ನೂರು ಜನರ ದನಿ ಇದೆ ಎಂದು ಜಂಬ ಕೊಚ್ಚಿಕೊಂಡವನು ನಾನು. ಆ ಕ್ಷಣ ಬಂದದ್ದು ಯಾರ ದನಿಯೂ ಅಲ್ಲ, ಬರಿಯ ಒಂದು ಕಿರುಚು. ಹಾರಿ ಅವರ ಕೈಗೆ ಹೊಡೆದು ಲೈಟರು ಕಿತ್ತುಕೊಂಡು ಕಿಟಕಿಯಿಂದಾಚೆ ಎಸೆದೆ. ರೆಗ್ಯುಲೇಟರ್ ತಿರುಗಿಸಿ, ಹಿತ್ತಿಲ ಬಾಗಿಲು ಒದ್ದು ತೆರೆದು, ಅವರನ್ನು ಅಂಗಿ ಹಿಡಿದು ಹೊರಗೆ ಎಳೆದೆ. ಹಿತ್ತಿಲಲ್ಲಿ ನಿಂತ ಮಾಮ ಕೈ ಸವರಿಕೊಳ್ಳುತ್ತ ಕೇಳಿದರು:

"ಯಾಕೋ? ಹುಚ್ಚಾ ನಿಂಗೆ? ಏನಾಯ್ತು?"

"ಗ್ಯಾಸ್ ಮಾಮ! ಮನೆ ತುಂಬಾ ಗ್ಯಾಸು!"

ಅವರು ಬಾಗಿಲ ಕಡೆ ಮುಖ ತಿರುಗಿಸಿದರು. ಸ್ಸು, ಸ್ಸು, ಸ್ಸೂಊಊ.

"ಹೌದಾ?" ಎಂದರು.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತೆ. ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದಲೇ ಮೂಗು ಮುಚ್ಚಿಕೊಂಡು "ಎಲ್ಲಿಂದ್ರೀ ಗ್ಯಾಸ್ ವಾಸನೆ?" ಎಂದು ಕೂಗುತ್ತಿದ್ದರು. ಭದ್ರಾವತಿಗೆಲ್ಲ ಹೆಸರಾದ ಮೂಗು, ಮೈದಾ ಅಂಟಿಸಿಕೊಂಡು, ಏನೂ ತಿಳಿಯದೆ ನನ್ನೆದುರು ನಿಂತಿತ್ತು. ಮಾಮನೇ ನನ್ನ ಪಕ್ಕ ಕೂತು ಹೇಳಿದರು.

"ಕೊರೋನಾದಲ್ಲಿ ಹೋಯ್ತು ಕಣೋ. ಎಲ್ರಿಗೂ ಹೋಯ್ತು, ಎಲ್ರಿಗೂ ಬಂತು. ನಂಗೆ ಬರ್ಲಿಲ್ಲ. ಮೂರು ತಿಂಗಳಾದ್ಮೇಲೆ ಒಂದಿನ ಬೆಳಿಗ್ಗೆ ಬಂತಪ್ಪಾ ಅಂತ ಕುಣಿದಾಡ್ಬಿಟ್ಟೆ. ನೋಡಿದ್ರೆ ಫ್ಯಾಕ್ಟರಿ ವಾಸನೆ. ಅದೊಂದೇ. ಕಾಫಿಗೆ ಮೂಗಿಟ್ರೂ ಅದೇ, ಬನ್ನಿಗೆ ಮೂಗಿಟ್ರೂ ಅದೇ. ನಿಮ್ಮತ್ತೆ ಮುಡ್ಕೊಂಡ ಮಲ್ಲಿಗೆನೂ ಅದೇ. ಮೂವತ್ತು ವರ್ಷ ಆ ವಾಸನೆನ ಬೈದೆ. ಈಗ ಅದೊಂದೇ ನನ್ನ ಜೊತೆಗಿರೋದು."

"ಅತ್ತೆಗೆ ಗೊತ್ತಾ?"

"ಗೊತ್ತಾದ್ರೆ ನನ್ನ ಅಡುಗೆಮನೆ ಬಾಗಿಲು ದಾಟೋಕೆ ಬಿಡ್ತಾಳಾ? ಒಲೆ ಮುಟ್ಟೋ ಹಾಗಿಲ್ಲ ಅಂದ್ರೆ ನಾನು ಏನ್ ಮಾಡ್ಲಿ ಹೇಳು. ಟೀವಿ ಮುಂದೆ ಕೂತು ಸಾಯ್ಲಾ?" ನನ್ನ ಮೊಣಕಾಲಿನ ಮೇಲೆ ಕೈ ಇಟ್ಟರು. "ನಿನ್ನ ಬಾಯಿ ಊರಿಗೇ ಗೊತ್ತು. ಇದೊಂದು ಮಾತ್ರ ಬೇಡ ಮಾರಾಯ."

ನಾನು ಕಲಿಯಲು ಬರುವ ಎಷ್ಟೋ ಮೊದಲೇ ಆ ಮೂಗು ಸತ್ತಿತ್ತು. ಹಾಗಾದರೆ ನಾನು ವೇದಿಕೆಯ ಮೇಲೆ ಮಾಡುತ್ತಿದ್ದದ್ದು ಯಾವುದರ ನಕಲು? ಮಾಮ ತಮ್ಮ ಹಳೆಯ ಮೂಗಿನ ಮಿಮಿಕ್ರಿ ಮಾಡುತ್ತಿದ್ದರು. ನಾನು ಆ ಮಿಮಿಕ್ರಿಯ ಮಿಮಿಕ್ರಿ ಮಾಡುತ್ತಿದ್ದೆ. ಅದೂ ಎದುರಿಗೇ, ಚಪ್ಪಾಳೆಗೆ. ಮತ್ತೆ ಆ ಪಚ್ಚಬಾಳೆ, ಆ ಹೊಸ ಬಟ್ಟೆ? ನನಗೆ ಪಾಠ ಎಂದುಕೊಂಡದ್ದೆಲ್ಲ ಅವರು ನನ್ನ ಮೂಗನ್ನು ಕಡ ತೆಗೆದುಕೊಳ್ಳುತ್ತಿದ್ದದ್ದು. ಒಂದು ಪಾತ್ರೆಯೂ ತಪ್ಪದ ಹಾಗೆ.

ಸಿಲಿಂಡರಿನ ಪೈಪನ್ನು ಇಲಿ ಕಡಿದಿತ್ತು. ಹೊಸ ಪೈಪು ಹಾಕಿಸಿ, ಗ್ಯಾಸು ಸೋರಿದರೆ ಕೂಗುವ ಒಂದು ಪುಟ್ಟ ಪೆಟ್ಟಿಗೆಯನ್ನು ತಂದು ಒಲೆಯ ಹತ್ತಿರದ ಗೋಡೆಗೆ ಹಾಕಿದೆ. ನಾನಿಲ್ಲದೆ ಒಲೆ ಹಚ್ಚುವುದಿಲ್ಲ ಎಂದು ಮಾಮನಿಂದ ಆಣೆ ಮಾಡಿಸಿಕೊಂಡೆ. ಬೆಳಿಗ್ಗೆಯೇ ಹೊರಗೆ ಹೋಗಿದ್ದ ಅತ್ತೆ ಸಂಜೆ ಬಂದು ಆ ಪೆಟ್ಟಿಗೆ ನೋಡಿ "ಇದೇನಿದು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮಾಮ, "ಇಲಿ ಓಡ್ಸೋ ಮಷೀನು" ಎಂದರು. ನನ್ನ ಕಡೆ ನೋಡದೆ, ಮುಖದ ಒಂದು ಗೆರೆ ಅಲುಗಿಸದೆ. ಇವರ ಮುಂದೆ ನಾನೆಂಥ ಕಲಾವಿದ!

ಮುಂದಿನ ಕಾರ್ಯಕ್ರಮದಲ್ಲಿ ನಾನು ಮೂಗಿನ ಐಟಮ್ ಮಾಡಲಿಲ್ಲ. ಜನ ಕೂಗಿದರು, ನಾನು ಗಂಟಲು ಕೆಟ್ಟಿದೆ ಎಂದೆ. ಮೂಸುವುದಕ್ಕೆ ಗಂಟಲು ಯಾಕೆ ಬೇಕು ಎಂದು ಯಾರೋ ಹಿಂದಿನಿಂದ ಕೇಳಿದರು. ಮರುದಿನ ಮಾಮನ ಫೋನು.

"ನಿನ್ನೆ ಯಾಕೋ ಮಾಡ್ಲಿಲ್ಲ?"

"ಹೇಗ್ ಮಾಡ್ಲಿ ಮಾಮ..."

"ಅಯ್ಯೋ ದಡ್ಡ. ನೀನು ನಿಲ್ಸಿದ್ರೆ ಜನ ಯಾಕೆ ಅಂತ ಕೇಳಲ್ವಾ? ಮಾಡು. ಮತ್ತೆ, ಮೂರನೇ ಉಸಿರು ನೀನು ಮುಂಚೆನೇ ಕಟ್ ಮಾಡ್ತೀಯ. ಇನ್ನೂ ಉದ್ದ ಎಳಿ."

ಹಳೆಯ ಕ್ಯಾಂಟೀನಿನವರೆಲ್ಲ ಸೇರಿದ ಒಂದು ಮಧ್ಯಾಹ್ನ ಮಾಡಿದೆ. ಬಾಗಿದೆ, ಮೂಗು ಇಳಿಸಿದೆ, ಗಿಡ್ಡ, ಗಿಡ್ಡ, ಉದ್ದ. ಅವರು ಹೇಳಿದಷ್ಟೇ ಉದ್ದ. ಎಲ್ಲರೂ ಮೇಜು ಕುಟ್ಟಿ ನಕ್ಕರು. ಮಾಮ ಟವೆಲಿನಿಂದ ಕಣ್ಣು ಒರೆಸಿಕೊಂಡು ಪಕ್ಕದವರ ಬೆನ್ನಿಗೆ ಹೊಡೆಯುತ್ತಿದ್ದರು. "ಫ್ಯಾಕ್ಟರಿ ವಾಸನೆ" ಎನ್ನುವ ಸಾಲು ಬಂದಾಗ ನನ್ನ ದನಿ ನಿಜವಾಗಿಯೂ ಕೆಟ್ಟಿತು. ಜನ ಅದನ್ನೂ ಅಭಿನಯವೆಂದು ತಿಳಿದು ಚಪ್ಪಾಳೆ ಹೊಡೆದರು.

ಆ ಮೇಲಿನ ಎರಡು ವರ್ಷ ನಾನು ಮಾಮನ ಮೂಗಾಗಿದ್ದೆ. ದುರ್ಗಿಗುಡಿಯ ಗಾಡಿಗೆ ಬೇಕಾದ ಬನ್ನುಗಳನ್ನೆಲ್ಲ ಭದ್ರಾವತಿಯಲ್ಲೇ ಇಬ್ಬರೂ ಸೇರಿ ಮಾಡಿ ಬುಟ್ಟಿಯಲ್ಲಿ ತರುತ್ತಿದ್ದೆ. ಆ ಬನ್ನು ಸಾಸಿಗೆ ಹೆದರಲಿಲ್ಲ. ಬಿಳಿ ದುಪಟ್ಟಾದ ಹುಡುಗಿ ಮತ್ತೆ ಬಂದು, ಒಂದು ಕೈಯಲ್ಲಿ ದುಪಟ್ಟಾ ಹಿಡಿದುಕೊಂಡೇ ತಿಂದು, "ಪರ್ವಾಗಿಲ್ಲ" ಎಂದಳು. ಮಾಮನಿಗೆ ಹೇಳಿದೆ. "ಪರ್ವಾಗಿಲ್ಲ ಅಂದ್ರೆ ಯಾವ ರುಚಿ ಅಂತ ಕೇಳ್ಬೇಕಿತ್ತು" ಎಂದರು. ಹಿಟ್ಟಿನ ವಾಸನೆ ಹೇಳಿ ಮುಗಿದರೆ ಬೇರೆಯದು ಕೇಳುತ್ತಿದ್ದರು. ಬಸ್ಸಿನಲ್ಲಿ ಏನು ವಾಸನೆ ಇತ್ತು, ಹೊಳೆಯ ಸೇತುವೆಯ ಮೇಲೆ ಏನಿತ್ತು, ಮಾಚೇನಹಳ್ಳಿ ದಾಟುವಾಗ ಏನು. ಒಮ್ಮೆ ಅತ್ತೆ ಹಾಲಿನ ಪಾತ್ರೆ ತೆಗೆದುಕೊಂಡು ಪಕ್ಕದಲ್ಲಿ ಹಾದುಹೋದಾಗ ಗುಟ್ಟಾಗಿ ಕೇಳಿದರು: "ಮಲ್ಲಿಗೆ ಹೇಗಿದೆ ಇವತ್ತು?" ಮೊದಲ ಸಲ ನನಗೆ ಯಾವ ತಮಾಷೆಯೂ ಹೊಳೆಯಲಿಲ್ಲ. "ಈಗ ಬಿಟ್ಟಿದ್ದು ಮಾಮ, ನೀರು ಚಿಮುಕಿಸಿದ್ದು" ಎಂದೆ. ಅವರು ಮುಂದಿನ ಉಂಡೆ ಕಟ್ಟಿದರು.

ಹೋದ ವರ್ಷ ಅವರ ಎದೆ ಕೈಕೊಟ್ಟಿತು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ಐದನೇ ದಿನ ಮಧ್ಯಾಹ್ನ ನಾನು ಮನೆಯಲ್ಲೇ ಮಾಡಿದ ಬನ್ನು ತೆಗೆದುಕೊಂಡು ಹೋದೆ. ಒಂದು ನಿಜ ಹೇಳಿಬಿಡುತ್ತೇನೆ. ಆ ದಿನ ಹಿಟ್ಟು ಉಬ್ಬಲು ಇಟ್ಟು, ಕನ್ನಡಿಯ ಮುಂದೆ ಹೊಸ ಐಟಮ್ ಒಂದರ ಅಭ್ಯಾಸ ಮಾಡುತ್ತ ನನ್ನ ಮುಖಕ್ಕೆ ನಾನೇ ಮರುಳಾಗಿ, ಅರ್ಧ ಗಂಟೆ ಮರೆತುಬಿಟ್ಟಿದ್ದೆ. ಹುಳಿ ಮೀರಿತ್ತು. ತಿನ್ನುವವರಿಗೆ ಗೊತ್ತಾಗುವಷ್ಟೇನಲ್ಲ. ಮಾಮನಿಗಂತೂ ಗೊತ್ತಾಗುವ ಪ್ರಶ್ನೆಯೇ ಇಲ್ಲ ಎಂದುಕೊಂಡು ಹೋದೆ. ಅದನ್ನು ಈಗ ಬರೆಯುವಾಗ ಕಿವಿ ಬಿಸಿಯಾಗುತ್ತದೆ.

ಮಾಮ ಬನ್ನನ್ನು ಮುರಿದು ಮೂಗಿನ ಹತ್ತಿರ ಹಿಡಿದರು. ಗಿಡ್ಡ. ಗಿಡ್ಡ. ಉದ್ದಕ್ಕೆ ಉಸಿರು ಸಾಲಲಿಲ್ಲ, ಆದರೂ ಎಳೆದರು.

"ಅರ್ಧ ಗಂಟೆ ಮರ್ತಿದ್ದೀಯ" ಎಂದರು.

ನನ್ನ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ನೆಲಕ್ಕೆ ಬಿದ್ದು ಉರುಳುತ್ತ ಮಂಚದ ಕೆಳಗೆ ಹೋಯಿತು. ವಾರ್ಡಿನವರೆಲ್ಲ ತಿರುಗಿ ನೋಡಿದರು.

"ಮಾಮ... ವಾಸನೆ ಬಂತಾ?"

ಅವರು ದಿಂಬಿಗೆ ಒರಗಿದರು. "ನಿನ್ನೆಯಿಂದ ಫ್ಯಾಕ್ಟರಿ ಮುಚ್ಚಿದೆ ಕಣೋ" ಎಂದರು.

ನನ್ನ ಮುಖ ನೋಡಿ ಕಂಡುಹಿಡಿದರೋ, ಬನ್ನಿನ ತೂತುಗಳು ದೊಡ್ಡದಾಗಿದ್ದನ್ನು ಕಣ್ಣಲ್ಲೇ ಅಳೆದರೋ, ಅಥವಾ ನಿಜವಾಗಿಯೂ ಬಂತೋ. ನಾಳೆ ಸರಿಯಾಗಿ ಕೇಳೋಣವೆಂದು ಮುಚ್ಚಳ ಹುಡುಕಿಕೊಂಡು ಬಂದೆ. ಮರುದಿನ ಬೆಳಿಗ್ಗೆ ಆರಕ್ಕೆ ಅತ್ತೆಯ ಫೋನು ಬಂತು. ಮಾಮ ಹೋಗಿದ್ದರು.

ಹದಿಮೂರನೇ ದಿನ ಎಡೆಗೆ ಬನ್ನು ಇಡಬೇಕೆಂದು ಅತ್ತೆ ಹೇಳಿದರು. ಸತ್ತವರಿಗೆ ಇಷ್ಟವಾದದ್ದನ್ನು ಇಡುವುದು ಪದ್ಧತಿ. ಕೋಸಂಬರಿ, ವಡೆ, ಪಾಯಸದ ನಡುವೆ ಬರ್ಗರ್ ಬನ್ನೊಂದು, ಹಾಟ್ ಡಾಗ್ ಬನ್ನೊಂದು ಬಾಳೆಲೆಯ ಮೇಲೆ ಕೂತವು. ಈ ಸಲ ಕನ್ನಡಿಯ ಹತ್ತಿರ ಹೋಗದೆ, ಹಿಟ್ಟಿನ ಮುಂದೆಯೇ ಕೂತು ಮಾಡಿದ್ದೆ. ಅದೇ ಅಡುಗೆಮನೆ, ಅದೇ ಓವನ್ನು. ಗೋಡೆಯ ಮೇಲಿನ ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿತ್ತು. ನೆಂಟರು ಹೊರಗಿದ್ದರು. ಅತ್ತೆ ಎಲೆಯ ಮುಂದೆ ಕೂತು, ಮಾಮನ ಫೋಟೋ ನೋಡುತ್ತ ಕೇಳಿದರು:

"ಏನ್ ವಾಸನೆ?"

"ಚೆನ್ನಾಗಿದೆ ಅತ್ತೆ."

"ಸರ್ಟಿಫಿಕೇಟ್ ಬೇಡ" ಎಂದರು ಅತ್ತೆ. "ಯಾವುದರ ಹಾಗಿದೆ ಹೇಳು."

ಅತ್ತೆ ನನ್ನ ಕಡೆ ತಿರುಗಲೇ ಇಲ್ಲ. "ಇಲಿ ಓಡ್ಸೋ ಮಷೀನನ್ನ ಸಿಲಿಂಡರ್ ಪಕ್ಕ ಯಾರಾದ್ರೂ ಹಾಕ್ತಾರೇನೋ? ನಿನಗಿಂತ ಮುಂಚೆ ಮೂರು ವರ್ಷ ಅವರಿಗೆ ಕೇಳೋ ಹಾಗೆ ನಾನೇ ಬಡಬಡಿಸ್ತಿದ್ದೆ, ಹುಳಿ ಬಂತು, ಸೀದೋಯ್ತು ಅಂತ. ನಂಗೇನು ಗೊತ್ತಿಲ್ಲ ಅಂದ್ಕೊಂಡೇ ಹೋದ್ರು. ಹಾಗೇ ಇರ್ಲಿ. ಹೇಳು."

ನಾನು ಎಲೆಯ ಮೇಲೆ ಬಾಗಿದೆ. ಗಿಡ್ಡ, ಗಿಡ್ಡ, ಉದ್ದ. ಬೇರೆ ರೀತಿ ಮೂಸಲು ನನಗೀಗ ಬರುವುದಿಲ್ಲ.

"ಕಾದ ಹಾಲಿನ ಕೆನೆ" ಎಂದೆ. "ಬಿಸಿಲಿಗೆ ಹಾಕಿದ ಹತ್ತಿ ಬಟ್ಟೆ. ಪಚ್ಚಬಾಳೆ, ಇನ್ನೂ ಚುಕ್ಕೆ ಬಿದ್ದಿಲ್ಲ. ಅತ್ತೆ, ನಿಮ್ಮ ತಲೆಯಲ್ಲಿ ಹೂವಿಲ್ಲ, ಅದಕ್ಕೇ ಮಲ್ಲಿಗೆ ಒಂದಿಲ್ಲ."

ಅತ್ತೆ ಫೋಟೋದ ಗಾಜಿನ ಮೇಲೆ, ಮೂಗಿನ ಎಡಗಡೆ, ಅಂಟಿದ್ದ ಚೂರು ಮೈದಾವನ್ನು ಸೆರಗಿನಿಂದ ಒರೆಸಹೋಗಿ ಹಾಗೇ ಬಿಟ್ಟರು.

"ಕೇಳಿಸ್ತೇನ್ರೀ?" ಎಂದರು.